ಹಂಚಿಹೋದ ಭಾವ

ನಿವೃತ್ತ ಲಿಫ್ಟ್ ಇನ್ಸ್‌ಪೆಕ್ಟರರ ಸಂತಾಪ ಸಭೆಯಲ್ಲಿ ಮೊದಲು ಎದ್ದವನು ಅವರ ಅಳಿಯ. ಫೋನು ನೋಡಿಕೊಂಡು ಗದ್ಗದಿತನಾಗಿ ಓದಿದ: “ಊಟಕ್ಕೆ ಕೂತರೆ ಮೊದಲ ತುತ್ತು ಬೆಕ್ಕಿಗೆ, ಆಮೇಲೆ ತಮಗೆ.” ಸಭೆ ಕೆಮ್ಮಿತು. ಇನ್ಸ್‌ಪೆಕ್ಟರರು ಬೆಕ್ಕು ಕಂಡರೆ ಕಾಲಲ್ಲಿದ್ದದ್ದನ್ನು ಕೈಗೆ ತೆಗೆದುಕೊಳ್ಳುತ್ತಿದ್ದವರು. ಆಮೇಲೆ ಬಂದ ಸಂಘದ ಕಾರ್ಯದರ್ಶಿಯೂ ಫೋನು ನೋಡಿಕೊಂಡು ಅದೇ ಬೆಕ್ಕಿಗೆ ಎರಡನೇ ಊಟ ಹಾಕಿದರು. ಮುಂದಿನವರು “ಮೊದಲ ತುತ್ತು...” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ “ಮಿಯಾಂವ್” ಎಂದುಬಿಟ್ಟರು. ಸತ್ತವರ ಹೆಂಡತಿಯೇ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ನಕ್ಕರು.

ನಗದೆ ಉಳಿದವಳು ಚೌಕಟ್ಟಕ್ಕ ಒಬ್ಬಳೇ. ಸದ್ದಿಲ್ಲದೆ ಜಾಗ ಖಾಲಿ ಮಾಡೋಣವೆಂದು ಎದ್ದವಳ ಚೀಲ ಫೋಟೊ ಸ್ಟ್ಯಾಂಡಿಗೆ ತಗುಲಿ, ಅವಳೇ ಕಟ್ಟು ಹಾಕಿಕೊಟ್ಟಿದ್ದ ಇನ್ಸ್‌ಪೆಕ್ಟರರು ಅವಳ ಕಾಲಬುಡಕ್ಕೆ ಬೋರಲು ಬಿದ್ದರು. ಗಾಜು ಒಡೆಯಲಿಲ್ಲ. ಕೆಲಸ ಗಟ್ಟಿ.

ಅಗಲಿದವರ ಉದ್ದ ಅಗಲ ಅಳೆದು ಕಟ್ಟು ಹಾಕುವುದು ಚೌಕಟ್ಟಕ್ಕನ ಕಸುಬು. ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದ ಅಂಗಡಿ. ನೆಲದ ಮೇಲೆ ಮರದ ಹೊಟ್ಟು, ಗೋಡೆಗೆ ಒರಗಿಸಿದ ಗಾಜು, ಅಂಟಿನ ವಾಸನೆ. ತುಟಿಯ ಒಂದು ಮೂಲೆಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಇರುತ್ತಾಳಾದ್ದರಿಂದ ಮಾತೆಲ್ಲ ಇನ್ನೊಂದು ಮೂಲೆಯಿಂದ ಬರುತ್ತದೆ. ಮದುವೆ ಮಾಡಿಕೊಳ್ಳಲಿಲ್ಲ. ಅಕ್ಕ, ಭಾವ, ಅವರ ಮಗಳ ಜೊತೆಗೆ ಒಂದೇ ಮನೆಯಲ್ಲಿ ವಾಸ.

ಫೋಟೊ ತಂದವರು ಹೋಗುವ ಮುಂಚೆ ಹೇಳುವುದೊಂದೇ: “ಫೋನಲ್ಲಿ ಹಾಕೋಕೆ ನಾಲ್ಕು ಸಾಲು ಬರೆದುಕೊಡಕ್ಕಾ.” ಹೇಗಿದ್ದರು ಅಂತ ಕೇಳಿದರೆ, “ಒಳ್ಳೆಯವರು.” ಇನ್ನೂ ಕೆದಕಿದರೆ, “ತುಂಬಾ ಒಳ್ಳೆಯವರು.” ಇಷ್ಟರಲ್ಲಿ ಯಾರ ಕಣ್ಣಲ್ಲೂ ನೀರು ತರಿಸಲಾಗದು. ಆದ್ದರಿಂದ ಚೌಕಟ್ಟಕ್ಕ ಹತ್ತಿರದಿಂದ ನೋಡಿದ್ದ ಒಬ್ಬನೇ ಒಳ್ಳೆಯ ಮನುಷ್ಯನಿಂದ ಕಡ ತರತೊಡಗಿದಳು. ಅವಳ ಭಾವ ಸಿಟಿ ಬಸ್ ಡ್ರೈವರು. ಮೊದಲ ತುತ್ತು ಬೆಕ್ಕಿಗೆ ಹಾಕುವವರು ಅವರು. ಬಂದವರನ್ನು ಕಳಿಸಿ, ಅವರು ತಿರುವು ದಾಟುವ ತನಕ ಗೇಟು ಹಿಡಿದು ನಿಲ್ಲುವವರು ಅವರು. ಹಾಡಿನ ಮೊದಲ ಸಾಲು ಗುನುಗಿ ಎರಡನೆಯದಕ್ಕೆ ಹೆಂಡತಿಯ ಮುಖ ನೋಡುವವರೂ ಅವರೇ. ಚೌಕಟ್ಟಕ್ಕ ಬೆಕ್ಕನ್ನು ಒಬ್ಬರಿಗೆ ಕೊಟ್ಟಳು, ಗೇಟನ್ನು ಇನ್ನೊಬ್ಬರಿಗೆ. ಹಾಡನ್ನು ಒಬ್ಬ ಮೂಗ ದರ್ಜಿಗೂ ಕೊಟ್ಟು ಆಮೇಲೆ ಅಳಿಸಿದಳು. ಕಟ್ಟು ಹಾಕುವವಳು ಕಟ್ಟುಕಥೆಗೂ ಕೈಹಾಕಿದಳೆಂದು ಯಾರೂ ಆಡಿಕೊಳ್ಳಲಿಲ್ಲ. ಓದಿದವರು ಅತ್ತರು, ಅತ್ತವರು ಹಂಚಿದರು. ಸ್ವಂತ ಖಾತೆಯಲ್ಲೂ ಹಾಕುತ್ತ ಹೋದಳು. ಭಾವನಿಗೆ ಇದರಿಂದ ನಷ್ಟವೇನೂ ಆಗಿರಲಿಲ್ಲ, ಬದುಕಿದ್ದರಲ್ಲ.

ಸಭೆಯ ಮಾರನೆಯ ದಿನ ಅಕ್ಕನ ಮಗಳು ಫೋನು ತೋರಿಸಿದಳು. ಸಾವಿನ ಸುದ್ದಿಗಳ ಕೆಳಗೆಲ್ಲ ಈಗ ‘ಬರೆದುಕೊಡಲೇ?’ ಎಂಬ ಗುಂಡಿ. ಒತ್ತಿದರೆ ಎಐ ಬರೆಯುತ್ತದೆ.

“ಅದಕ್ಕೆ ಬೆಕ್ಕಿನ ವಿಷಯ ಯಾರೇ ಹೇಳಿದ್ದು?”

“ನೀನೇ ಚಿಕ್ಕಮ್ಮ. ಜನ ಹಾಕಿದ್ದನ್ನೆಲ್ಲ ಓದಿಸಿ ಅದಕ್ಕೆ ಪಾಠ ಮಾಡ್ತಾರೆ. ನಮ್ಮ ಭಾಷೇಲಿ ಸತ್ತವರ ಬಗ್ಗೆ ಇಷ್ಟೊಂದು ಬರೆದವರು ಇನ್ಯಾರಿದ್ದಾರೆ? ಒಪ್ಪಿಗೆನಾ ಅಂತ ಕೇಳಿದ್ರಲ್ಲ, ಹೂಂ ಅಂದಿದೀಯ.”

ಅಂಟು ಮೆತ್ತಿದ ಹೆಬ್ಬೆರಳಲ್ಲಿ ಯಾವಾಗಲೋ ಒತ್ತಿದ್ದಳು. ಓದು ಬಲ್ಲವರೂ ಹೆಬ್ಬೆಟ್ಟೊತ್ತುವ ಕಾಲ ಇದು.

“ಎಲ್ಲ ಅಳಿಸಿಬಿಡ್ತೀನಿ.”

“ಅಳಿಸು. ಅದು ಕಲಿತಾಗಿದೆ. ಮರಿ ಅಂದ್ರೆ ಮರೆಯುತ್ತಾ?”

ಚೌಕಟ್ಟಕ್ಕ ಅಳಿಸಿದಳು. ಯಾರು ಕೇಳಿದರೂ ಬರೆದುಕೊಡುವುದಿಲ್ಲ ಎಂದಳು. ಯಾರೂ ಕೇಳಲೂ ಇಲ್ಲ. ಗುಂಡಿ ಇತ್ತಲ್ಲ.

ಆ ವರ್ಷ ಕಳೆಯುವುದರೊಳಗೆ ಭಾವ ಹೋದರು. ಬಸ್ಸನ್ನು ನಿಲ್ದಾಣದ ಪಕ್ಕಕ್ಕೆ ಸರಿಯಾಗಿ ನಿಲ್ಲಿಸಿ, ಬ್ರೇಕು ಹಾಕಿ, ಹೋದರು. ಅಕ್ಕ ಮಾತು ಬಿಟ್ಟಳು. ಅವಳನ್ನು ಎಬ್ಬಿಸಿ ಕೂರಿಸಿದ್ದು ಫೋನು. ಡಿಪೋದವರಿಂದ, ಕಂಡಕ್ಟರುಗಳಿಂದ, ಗುರುತಿಲ್ಲದ ಪ್ರಯಾಣಿಕರಿಂದ ಸಂತಾಪಗಳು ಬಂದವು. ಬೆಕ್ಕು, ಗೇಟು, ಹಾಡು.

“ನೋಡೇ,” ಎಂದಳು ಅಕ್ಕ, ಕೆನ್ನೆ ಒರೆಸಿಕೊಳ್ಳುತ್ತ. “ಇವರು ಗೇಟ್ ಹತ್ರ ನಿಲ್ಲೋದು ಡಿಪೋ ಮ್ಯಾನೇಜರ್‌ಗೂ ಗೊತ್ತಿತ್ತಂತೆ. ನಾನೊಬ್ಬಳೇ ಗಮನಿಸ್ತಿದ್ದೆ ಅಂದ್ಕೊಂಡಿದ್ದೆ. ಎಷ್ಟು ಜನ ನೋಡಿದಾರೆ ನನ್ನ ಗಂಡನ್ನ!”

ಆ ಸಂತಾಪಗಳೆಲ್ಲ ಗುಂಡಿಯೊತ್ತಿ ಬಂದ ಸುಳ್ಳೆಂದು ಚೌಕಟ್ಟಕ್ಕನಿಗೆ ಗೊತ್ತಿತ್ತು. ಆದರೆ ಭಾವ ಒಬ್ಬರ ಮಟ್ಟಿಗೆ ಅಕ್ಷರಶಃ ನಿಜ. ಹೇಳಿದರೆ ಅಕ್ಕನ ಕೈಯಿಂದ ಅಷ್ಟು ಜನರನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ? ಹೇಳಲಿಲ್ಲ. ತೇಗದ ಪಟ್ಟಿ ಕೊಯ್ದು, ಮೂಲೆ ಕೂಡಿಸಿ, ಭಾವನಿಗೆ ಅಂಗಡಿಯಲ್ಲೇ ಅತಿ ಒಳ್ಳೆಯ ಕಟ್ಟು ಹಾಕತೊಡಗಿದಳು. ತಪ್ಪು ಮಾಡಿದವರಿಗೆ ಮರಗೆಲಸ ತುಂಬ ಒಗ್ಗುತ್ತದೆ.

ಫೋನಿನ ಮೇಲೆ ಬೆರಳಾಡಿಸಬಲ್ಲವರ ಎದುರು ಗುಟ್ಟು ಎಷ್ಟು ದಿನ ನಿಂತೀತು? ಒಂದು ಮಧ್ಯಾಹ್ನ ಅಕ್ಕ ಫೋನು ಹಿಡಿದು ಅಂಗಡಿಗೇ ಬಂದಳು. ಯಾವುದೋ ಕಾಣದ ಊರಿನ ಹಲ್ಲಿನ ಡಾಕ್ಟರು ಸತ್ತಿದ್ದರು. ಅವರೂ ತಿರುವಿನ ತನಕ ಗೇಟು ಹಿಡಿದು ನಿಲ್ಲುತ್ತಿದ್ದರು, ಎರಡನೇ ಸಾಲಿಗೆ ಹೆಂಡತಿಯ ಮುಖ ನೋಡುತ್ತಿದ್ದರು.

“ಇದೇನೇ ಇದು?”

ಚೌಕಟ್ಟಕ್ಕ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಎಲ್ಲ ಹೇಳಿದಳು. ತಲೆ ಎತ್ತದೆ, ಅಂಟು ಕಲಸುವ ಡಬ್ಬಿಗೆ ಹೇಳುವ ಹಾಗೆ ಹೇಳಿದಳು.

ಅಕ್ಕ ಕೂರಲು ಜಾಗ ಹುಡುಕಿದಳು. ಸ್ಟೂಲಿನ ಮೇಲೆ ಯಾರೋ ಅಜ್ಜ ಗಾಜಿಲ್ಲದೆ ಒಣಗುತ್ತಿದ್ದರು, ನಿಂತೇ ಇದ್ದಳು.

“ನನ್ನ ಮುಖ ನೋಡ್ತಿದ್ರಲ್ಲ ಕಣೇ, ಎರಡನೇ ಸಾಲಿಗೆ. ಅದನ್ನೂ ಕೊಟ್ಯಾ?”

“ಕೊಟ್ಟೆ.”

“ಹಲ್ಲಿನ ಡಾಕ್ಟರಿಗೆ?”

“ಅವರಿಗೆ ಮೆಷಿನ್ ಕೊಟ್ಟಿದ್ದು. ಮೆಷಿನ್ನಿಗೆ ನಾನು.”

“ಉಪ್ಪಿನ ಡಬ್ಬಿ ಪಕ್ಕದ ಮನೆಗೆ ಕೊಡುವಾಗ್ಲೂ ನನ್ನ ಕೇಳ್ತಿದ್ದೆ. ಗಂಡನ್ನ ಕೊಡುವಾಗ ಕೇಳಲಿಲ್ವಲ್ಲೇ!”

ಮೇಜಿನ ಮೇಲೆ ಭಾವ ಮಲಗಿದ್ದರು, ಹೊಸ ತೇಗದೊಳಗೆ. ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಕೆತ್ತಲು ಬಿಟ್ಟ ಜಾಗ ಖಾಲಿಯಿತ್ತು. ಅಕ್ಕ ಅದರ ಮೇಲೆ ಬೆರಳಾಡಿಸಿದಳು. ಬಯ್ಯುವ ಶಕ್ತಿ ಅವಳಲ್ಲಿ ಮುಗಿದಿತ್ತು.

“ಇಲ್ಲಿ ಏನು ಬರೀತೀಯ ಈಗ? ಅವರದ್ದೇ ಅಂತ, ಯಾರಿಗೂ ಕೊಡದೇ ಇದ್ದದ್ದು ಒಂದಾದ್ರೂ ಉಳಿಸಿದೀಯಾ?”

ಚೌಕಟ್ಟಕ್ಕ ಅಂಗೈಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

“ಗೊರಕೆ,” ಎಂದಳು. “ಗೊರಕೆ ಯಾರಿಗೂ ಹಾಕಿಲ್ಲ ಅಕ್ಕಾ.”