ಕಾಯದೆ ಮಲಗುತ್ತಿದ್ದವರು

ಎದುರುಮನೆ ಆಂಟಿಯ ಬಲಗೈ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ನೆನೆದು ಸುಕ್ಕಾಗಿರುತ್ತಿದ್ದವು. ನನ್ನ ತಲೆ ಸವರಿದರೆ ಹುಳಿ ಬಂದ ಹಿಟ್ಟಿನ ವಾಸನೆ. ಮುಂಬಯಿಯ ಚೆಂಬೂರಿನ ನಮ್ಮ ಚಾಳಿಗೆ ಬೆಳಗಾಗುತ್ತಿದ್ದುದೇ ಅವರು ಚಟ್ನಿ ರುಬ್ಬುವ ಸದ್ದಿನಿಂದ. ಸ್ಟೇಷನ್ ಪಕ್ಕ ಅವರ ಗಂಡ, ಅಂಕಲ್, ನಡೆಸುತ್ತಿದ್ದ ಸಣ್ಣ ಹೋಟೆಲಿಗೆ ಹಿಟ್ಟು, ಚಟ್ನಿ ಎಲ್ಲ ಹೋಗುತ್ತಿದ್ದುದು ಅವರ ಆ ಒಂದೇ ಕೋಣೆಯ ಖೋಲಿಯಿಂದ. ಅಂಕಲ್ ಸ್ಟೀಲ್ ಡಬ್ಬಿಗಳನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೊಂಡ ತಪ್ಪಿಸುತ್ತ ಹೋಗುತ್ತಿದ್ದರು.

ಸಂಜೆ ಆಂಟಿಗೆ ಸೀರಿಯಲ್ ಬೇಕು. ನಾನು ಕಾಲೇಜಿನ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಓದುತ್ತಿದ್ದೆನೇ? ಇಲ್ಲವೆಂದೇ ಈಗ ಅನಿಸುತ್ತದೆ. ಎಲ್ಲ ಸೀರಿಯಲ್‌ಗಳಲ್ಲೂ ಗಂಡ ದುಡಿದು ಸುಸ್ತಾಗಿ ಬರುತ್ತಾನೆ. ಹೆಂಡತಿ ರೇಷ್ಮೆ ಸೀರೆ ಉಟ್ಟು, ತಟ್ಟೆಗೆ ತಟ್ಟೆ ಮುಚ್ಚಿ, ಊಟದ ಮೇಜಿನ ಮೇಲೇ ತಲೆಯಿಟ್ಟಿರುತ್ತಾಳೆ. ಆಂಟಿ ಟಿ.ವಿ.ಯನ್ನೇ ಗದರಿಸುತ್ತಿದ್ದರು: "ಮಲಗು ಮಾರಾಯ್ತಿ, ಬೆಳಿಗ್ಗೆ ಕೆಲಸ ಇಲ್ವಾ ನಿಂಗೆ?"

ನನ್ನ ಕಡೆ ತಿರುಗಿ, "ಒಂದೋ ಕಾಯುವವಳು, ಇಲ್ಲದಿದ್ರೆ ಕಾಟ ಕೊಡುವವಳು. ಕೆಲಸ ಮಾಡುವವಳು ಇವರಿಗೆ ಒಬ್ಬಳೂ ಸಿಗ್ಲಿಲ್ವಾ?" ಎನ್ನುತ್ತಿದ್ದರು.

ಒಮ್ಮೆ ಮಾತ್ರ ನಗದೆ ಹೇಳಿದರು: "ಗಿರಾಕಿಗಳು ದೋಸೆ ಹೊಗಳಿದ್ರಂತೆ. ಹಿಟ್ಟು ಯಾರದ್ದು ಅಂತ ಇವರು ಒಂದು ಸಲ ಆದ್ರೂ ಹೇಳಬಹುದಿತ್ತು ಅಲ್ವಾ?"

ಅಂಕಲ್ ಹೋಟೆಲು ಬಿಟ್ಟುಕೊಟ್ಟ ವರ್ಷ ಊರಿನವರ ಸಂಘ ಅವರಿಗೆ ಸನ್ಮಾನ ಇಟ್ಟಿತು. ಆಂಟಿಯನ್ನೂ ವೇದಿಕೆಯಲ್ಲಿ ಕೂರಿಸಿದ್ದರು. ನಿರೂಪಕರು ಗದ್ಗದಿತರಾಗಿ, "ಪ್ರತಿ ರಾತ್ರಿ ಊಟ ಬಿಟ್ಟು ಪತಿಗಾಗಿ ಕಾದು ಕುಳಿತ ತಾಳ್ಮೆಯ ಮೂರ್ತಿ" ಎಂದರು.

"ಯಾರು ಕಾದದ್ದು?" ಆಂಟಿ ಕೂತಲ್ಲಿಂದಲೇ ಕೇಳಿದರು. "ನಾನು ಉಂಡು ಮಲಗ್ತಿದ್ದೆ. ಕಾದು ಕೂತಿದ್ರೆ ಬೆಳಿಗ್ಗೆ ಚಟ್ನಿ ರುಬ್ಬುವುದು ಯಾರು, ನೀವಾ?"

ಸಭೆ ನಕ್ಕಿತು. ಅಂಕಲ್ ಕೆಂಪಾಗಿ, ಹೆಗಲ ಶಾಲು ತೆಗೆದು ಅವರಿಗೆ ಹೊದಿಸಲು ಹೋದರು. ಆಂಟಿ ಕೈ ತಡೆದರು. "ಸೀರಿಯಲ್ ಮಾಡ್ಬೇಡಿ. ಹೇಳುವುದಿದ್ರೆ ಮೈಕಿನಲ್ಲಿ ಹೇಳಿ."

ಅಂಕಲ್ ಶಾಲು ಮಡಚಿ ಹಿಡಿದು ಮೈಕಿನ ಮುಂದೆ ಹೋದರು. "ಹೋಟೆಲು ನಡೆದದ್ದು ಇವಳ ಹಿಟ್ಟಿನಿಂದ" ಎಂದು ಹೇಳಿ ಕೂತುಬಿಟ್ಟರು.

ಹೀಗೆಂದು ನನ್ನ ನೆನಪು. ಆದರೆ ಅಷ್ಟು ಹೊತ್ತಿಗೆ ಮೈಕ್ ಕೈಕೊಟ್ಟಿತ್ತು, ಯಾರಿಗೂ ಏನೂ ಕೇಳಿಸಲಿಲ್ಲ ಎನ್ನುತ್ತಾನೆ ನನ್ನ ತಮ್ಮ. ನಾನು ಮೊದಲ ಸಾಲಿನಲ್ಲಿದ್ದೆ. ನನಗೆ ಕೇಳಿಸಿದ್ದು ಮೈಕಿನಿಂದಲೋ ಬಾಯಿಂದಲೋ ಆಣೆಯಿಟ್ಟು ಹೇಳಲಾರೆ. ಆಂಟಿಯನ್ನೇ ಕೇಳಿದ್ದೆ. "ನಂಗೆ ಕೇಳಿತು. ಸಂಘದವರ ಮೈಕಿನ ರಿಪೇರಿ ನಂಗೆ ಯಾಕೆ?" ಎಂದರು.

ಕಳೆದ ಮಳೆಗಾಲದಲ್ಲಿ ಆಂಟಿ ತೀರಿಕೊಂಡರು, ನಿದ್ದೆಯಲ್ಲೇ. ಹೋಟೆಲು ಹೋದ ಮೇಲೂ ಅವರು ಬೆಳಿಗ್ಗೆ ರುಬ್ಬುವುದನ್ನು ಬಿಟ್ಟಿರಲಿಲ್ಲ; ಈಗ ನಮ್ಮ ಚಾಳಿಗೆ ಅಲಾರಂ ಬೇಕು.

ಮೊನ್ನೆ ಸಂಜೆ ಅಂಕಲ್‌ಗೆ ಪಲ್ಯ ಕೊಡಲು ಹೋದೆ. ಟಿ.ವಿ. ಹಾಕಿಕೊಂಡು ಒಬ್ಬರೇ ಕೂತಿದ್ದರು. ರೇಷ್ಮೆ ಸೀರೆಯವಳು ಮೇಜಿನ ಮೇಲೆ ತಲೆಯಿಟ್ಟು ಕಾಯುತ್ತಿದ್ದಳು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

"ಮಲಗು ಮಾರಾಯ್ತಿ," ಎಂದರು ಅಂಕಲ್, ಮೆಲ್ಲಗೆ. "ಬೆಳಿಗ್ಗೆ ಕೆಲಸ ಇಲ್ವಾ ನಿಂಗೆ?"