ಅಂಗಳಕ್ಕೆ ಬಾರದ ಮಾಲು

ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನಿನಲ್ಲಿ ಷೇರು ಮಾರಾಟಕ್ಕಿಡುವುದು, ಮಧ್ಯಾಹ್ನ ಮೂರೂವರೆಗೆ ಅದು ಹಾಗೇ ರದ್ದಾಗುವುದನ್ನು ನೋಡುವುದು. ಹನ್ನೊಂದು ದಿನ ನನ್ನ ಕಸುಬು ಇಷ್ಟೇ. ಷೇರುಪೇಟೆ ಬಾಗಿಲು ತೆಗೆಯುತ್ತಲೇ ದರ ಆ ದಿನದ ಕೆಳಮಿತಿಗೆ ಕುಸಿದು ನಿಲ್ಲುತ್ತಿತ್ತು, ಕೊಳ್ಳುವವರು ಒಬ್ಬರೂ ಇರಲಿಲ್ಲ. ಹೆಂಡತಿಯ ಎರಡೂ ಮೊಣಕಾಲಿನ ಆಪರೇಷನ್ನಿಗೆಂದು ಇಟ್ಟ ದುಡ್ಡು ಅದು. ಇನ್ನೊಂಚೂರು ಬೆಳೆಯಲಿ ಎಂದು ಒಂದು ಸಣ್ಣ ಕಂಪನಿಯ ಷೇರಿಗೆ ಹಾಕಿದವನು ನಾನೇ.

ನಮ್ಮ ಶಿರಸಿ ಕಡೆ ಷೇರೆಂದರೆ ಸಹಕಾರಿ ಸೊಸೈಟಿಯ ಷೇರು. ಅಪ್ಪ ತೆಗೆದುಕೊಂಡದ್ದು ಮಗನ ಹೆಸರಿಗೆ ಬರುತ್ತದೆ, ನಡುವೆ ಯಾರೂ ಬಿಟ್ಟುಕೊಡುವುದಿಲ್ಲ. ವಾಪಸು ಕೊಟ್ಟನೆಂದರೆ ಏನೋ ಜಗಳವಾಗಿದೆ ಎಂದೇ ಊರು ತಿಳಿಯುತ್ತದೆ. ಹಾಗಾಗಿ ಆ ಸಣ್ಣ ಕಂಪನಿಯ ಮುಕ್ಕಾಲು ಪಾಲು ಷೇರು ಮಾಲೀಕರ ಮನೆಯಲ್ಲೇ ಇದೆ, ಉಳಿದದ್ದೂ ಹೆಚ್ಚಾಗಿ ನಾಲ್ಕೈದು ಜನರ ಕೈಯಲ್ಲಿದೆ ಎಂದು ಓದಿದಾಗ ನನಗೆ ಧೈರ್ಯವೇ ಬಂದಿತ್ತು. ಯಾರೂ ಬಿಟ್ಟುಕೊಡದ ಷೇರು, ಗಟ್ಟಿ ಕಂಪನಿ! ಆಗ ದರವೂ ದಿನಾ ಏರುತ್ತಿತ್ತು.

ನಾನು ಶಿರಸಿಯ ಅಡಿಕೆ ಯಾರ್ಡಿನಲ್ಲಿ, ವ್ಯಾಪಾರಿಗಳು ದರ ಹಾಕುವ ಟೆಂಡರ್ ಚೀಟಿ ಬರೆದೇ ಬದುಕಿದವನು; ಹೆಂಡತಿಯ ತಮ್ಮ ಯಲ್ಲಾಪುರದಲ್ಲಿ ಅಡಿಕೆ ವ್ಯಾಪಾರಿ. ಅಕ್ಕನನ್ನು ನೋಡಲು ಬಂದವನು ನನ್ನ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದ. ಪೇಟೆಯಲ್ಲಿ ಓಡಾಡುವ ಷೇರು ಎಷ್ಟೆಂದು ನೋಡಿದ್ದೆನೋ ಎಂದು ಕೇಳಿದ. ಅದಕ್ಕೆ ಫ್ಲೋಟ್ ಎನ್ನುತ್ತಾರಂತೆ. ನಾನು ನೋಡಿರಲಿಲ್ಲ.

"ಭಾವ, ಅಂಗಳಕ್ಕೆ ಬಂದ ಮಾಲಿಗೆ ದರ, ಅಟ್ಟದ ಮೇಲಿದ್ದಿದ್ದಕ್ಕಲ್ಲ. ಇಷ್ಟು ವರ್ಷ ಯಾರ್ಡಲ್ಲಿ ಟೆಂಡರ್ ಚೀಟಿ ಬರದ್ದೆ, ನಿಂಗೆ ಇದ್ನ ಆನು ಹೇಳ್ಕೊಡವಾ?"

ಅಂಗಳದಲ್ಲಿ ಎರಡೇ ಚೀಲ ಇದ್ದ ದಿನ ದರ ಹಾರುವುದನ್ನೂ, ಆ ದರ ನಂಬಿ ಮರುದಿನ ಗಾಡಿ ತುಂಬಿ ತಂದವರು ಪೆಚ್ಚಾಗಿ ನಿಲ್ಲುವುದನ್ನೂ ನಾನು ಮೂವತ್ತು ವರ್ಷ ಕಂಡಿದ್ದೆ. ಇಲ್ಲೂ ಓಡಾಡುವ ಷೇರೇ ಸ್ವಲ್ಪ, ನಾಲ್ಕು ಜನ ಕೊಂಡರೆ ಏರುತ್ತದೆ. ಒಬ್ಬ ದೊಡ್ಡವನು ತನ್ನ ಪಾಲು ಕೈ ಬಿಟ್ಟರೆ ಹಿಡಿಯುವವರಿಲ್ಲ.

ಹನ್ನೆರಡನೆಯ ದಿನ ಯಾರೋ ಕೊಂಡರು. ಬಂದದ್ದು ಹಾಕಿದ್ದರ ಅರ್ಧ. ಮೆಟ್ಟಿಲ ಹತ್ತಿರ ಹೋಗಿ ಹೆಂಡತಿಗೆ ಹೇಳಿದೆ. ಅವಳು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಇಳಿಯುತ್ತಿದ್ದವಳು ಅಲ್ಲೇ ಕುಳಿತಳು. ನಾನೂ ಕೆಳಗಿನ ಮೆಟ್ಟಿಲಲ್ಲಿ ಕುಳಿತೆ. ಬೈದಿದ್ದರೆ ಹಗುರಾಗುತ್ತಿತ್ತು.

"ಎಡಗಾಲು ಜಾಸ್ತಿ ನೋವು," ಎಂದಳು. "ಮೊದ್ಲು ಅದ್ನ ಮಾಡ್ಸನ."

ಹುಬ್ಬಳ್ಳಿಯ ಆಸ್ಪತ್ರೆಗೆ ಫೋನು ಮಾಡಿ, ಒಂದೇ ಕಾಲು ಎಂದು ಹೇಳಿದೆ.