ಮುಚ್ಚಳದೊಳಗೆ ಬಿದ್ದ ದಾಳ

ದಾಳದ ಆಟಗಳನ್ನು ಯಾರಾದರೂ ಹಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅವುಗಳ ಪರ ವಾದ ಮಾಡಲು ಬಾಯಿ ಬರುವುದಿಲ್ಲ. ನನ್ನ ಬಾಯಿ ಮುಚ್ಚಿಸಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಪಿಯುಸಿಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದು, ಹಿರೇಗುತ್ತಿಯಲ್ಲಿ ಅಪ್ಪನಿಗೆ ಮುಖ ತೋರಿಸಲಾಗದೆ ಹೊನ್ನಾವರದ ಅಕ್ಕನ ಮನೆ ಸೇರಿದ್ದೆ. ಭಾವ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನನ್ನನ್ನು ಕೋಣೆಯಿಂದ ಹೊರಗೆಳೆಯಲು ಮೊದಲು ಚೆಸ್ ತಂದರು. ಎರಡು ಆಟ ಸೋತು ಮೂರನೆಯದಕ್ಕೆ ನಾನು ಕೂರಲಿಲ್ಲ. ಆಮೇಲೆ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ಹಳೆಯದೊಂದು ಅಮೆರಿಕನ್ ಆಟದ ಪೆಟ್ಟಿಗೆ ತಂದರು. ಪ್ರಪಂಚದ ನಕ್ಷೆ, ಪ್ಲಾಸ್ಟಿಕ್ ಸೈನಿಕರು, ಒಂದು ದಾಳ. ಇಬ್ಬರಲ್ಲಿ ಹೆಚ್ಚು ಬಿದ್ದವನ ಸೈನ್ಯ ಉಳಿಯುತ್ತದೆ, ಕಡಿಮೆ ಬಿದ್ದವನದು ಸಾಯುತ್ತದೆ. ಅಷ್ಟೇ.

ಪ್ರತಿ ಭಾನುವಾರ ಊಟವಾದ ಮೇಲೆ ಆಟ, ಆಟಕ್ಕಿಂತ ಜೋರಾಗಿ ವಾದ. ಒಂದು ಗಂಟೆ ತಲೆ ಓಡಿಸಿ ಕಟ್ಟಿದ ಸೈನ್ಯ ಒಂದು ಎಸೆತಕ್ಕೆ ಮಣ್ಣುಪಾಲಾಗುವುದಾದರೆ ಅದು ಆಟವೇ ಅಲ್ಲ, ಲಾಟರಿ ಎಂದು ಭಾವ. ಚೆಸ್ಸಿನಲ್ಲಿ ಹತ್ತನೇ ನಡೆಗೇ ಸೋಲು ಗೊತ್ತಾಗಿಬಿಡುತ್ತದೆ, ದಾಳದಲ್ಲಿ ಸೋಲುವವನಿಗೂ ಕೊನೆಯವರೆಗೆ ಕೂರಲು ಕಾರಣವಿರುತ್ತದೆ ಎಂದು ನಾನು. ದಾಳ ಯಾರ ಮಾರ್ಕ್ಸ್ ಕಾರ್ಡನ್ನೂ ಕೇಳುವುದಿಲ್ಲ ಎಂದು ಒಮ್ಮೆ ಮೇಜು ಕುಟ್ಟಿ ಹೇಳಿದ್ದೆ. ನನ್ನ ಹತ್ತಿರ ಸಾಕ್ಷಿಯೂ ಇತ್ತು. ಲೆಕ್ಕದ ಮಾಸ್ತರರ ಎದುರು ಎರಡರಲ್ಲಿ ಒಂದು ಆಟ ನಾನೇ ಗೆಲ್ಲುತ್ತಿದ್ದೆ. ಆಗ ನನ್ನ ಹತ್ತಿರ ಇದ್ದ ಮರ್ಯಾದೆ ಅದೊಂದೇ.

ಒಂದು ಪದ್ಧತಿಯನ್ನು ಮಾತ್ರ ನಾನು ಊರಿನಿಂದ ತಂದು ಅಮೆರಿಕದವರ ಆಟಕ್ಕೆ ಅಂಟಿಸಿದ್ದೆ. ನಮ್ಮ ಮನೆಯಲ್ಲಿ ಕವಡೆ ಆಡುವಾಗ ಎಸೆದವನು ಎಣಿಸುವಂತಿಲ್ಲ, ಎದುರು ಕೂತವನೇ ಎಣಿಸಿ ಹೇಳಬೇಕು. ಎಸೆದವನು ಬಗ್ಗಿ ನೋಡಿದರೆ ಎಣಿಸಿದವನನ್ನು ಕಳ್ಳ ಎಂದ ಹಾಗೆ. ದಾಳ ಮಂಚದಡಿ ಓಡದಂತೆ ನಾವು ಪೆಟ್ಟಿಗೆಯ ಮುಚ್ಚಳದೊಳಗೆ ಎಸೆಯುತ್ತಿದ್ದೆವು. ಮುಚ್ಚಳ ಎದುರಿನವನ ತೊಡೆಯ ಮೇಲೆ ಇರುತ್ತಿತ್ತು. ನನ್ನ ದಾಳವನ್ನು ಭಾವ ಓದುತ್ತಿದ್ದರು, ಅವರದನ್ನು ನಾನು.

ಒಂದು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ನಾನು ಎಸೆದೆ, ಭಾವ ಐದು ಎಂದರು. ಚಾ ಹಿಡಿದು ಅವರ ಬೆನ್ನ ಹಿಂದೆ ನಿಂತಿದ್ದ ಅಕ್ಕ ಏನೂ ತಿಳಿಯದೆ ಕೇಳಿದಳು: “ಅದು ಎರಡಲ್ದಾ? ಐದು ಹೇಳಿದ್ರಿ ಎಂತಕ್ಕೆ?”

ಭಾವ ಆಗಲೇ ಮುಚ್ಚಳ ಅಲ್ಲಾಡಿಸಿಬಿಟ್ಟಿದ್ದರು. ಕಿವಿಯವರೆಗೂ ಕೆಂಪಾಗಿದ್ದರು. ಯಾವತ್ತಿನಿಂದ ಎಂದು ಕೇಳಿದೆ.

“ಫೇಲಾದ ವಾರ ನೀ ಊಟ ಬಿಟ್ಟಿದ್ಯಲ ಮಾರಾಯ. ಒಂದು ಆಟ ಆದ್ರೂ ಗೆಲ್ಲಲಿ ಅಂತ ಸುರು ಮಾಡಿದೆ,” ಎಂದರು. ಆಮೇಲೆ ಮೆಲ್ಲಗೆ, “ಎಲ್ಲಾ ಸಲ ಅಲ್ಲ.”

ಯಾವ್ಯಾವ ಸಲ ಎಂದೆ. ನೆನಪಿಲ್ಲ ಎಂದರು.

ಸೋಲಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಮೇಜು ಕುಟ್ಟಿ ವಾದಿಸಿದಾಗಲೆಲ್ಲ ಈ ಮನುಷ್ಯ ಎದುರು ಕೂತು, ಗಂಭೀರವಾಗಿ ಮರುವಾದ ಹೂಡಿ, ಒಳಗೊಳಗೇ ನನ್ನನ್ನು ಸಾಕುತ್ತಿದ್ದರು. ಕನಿಕರದಿಂದ ಮಾಡಿದರೂ ಮೋಸ ಮೋಸವೇ. ನನ್ನದೇ ಆದ ಗೆಲುವು ಒಂದಾದರೂ ಇತ್ತೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಇಬ್ಬರನ್ನೂ ಬೈದು, ಆಟ ಮುಗಿಸಿ ಏಳಿ ಎಂದಳು. ಮುಗಿಸಿದೆವು. ಕೊನೆಯ ಎಸೆತದಲ್ಲಿ ನನಗೆ ಮೂರು ಎಂದರು ಭಾವ. ಆಮೇಲೆ ಅವರ ಸರದಿ. ನನ್ನ ತೊಡೆಯ ಮೇಲಿನ ಮುಚ್ಚಳದಲ್ಲಿ ಅವರಿಗೆ ಆರು ಬಿತ್ತು. ನಾನು ಅವರ ಮುಖವನ್ನೇ ನೋಡುತ್ತ ಒಂದು ಎಂದೆ.

ಅವರು ಬಗ್ಗಿ ನೋಡಲಿಲ್ಲ. ತಮ್ಮ ಸೈನಿಕರನ್ನು ತಾವೇ ಹೆಕ್ಕಿ ಪೆಟ್ಟಿಗೆಗೆ ಹಾಕಿ, “ಆತು, ನೀ ಗೆದ್ದೆ,” ಎಂದರು.

ಪೆಟ್ಟಿಗೆಯನ್ನು ಮತ್ತೆ ತೆರೆಯಲಿಲ್ಲ. ನಾನು ಗೆದ್ದೆನೆಂದು ಮುಗಿದ ಅಷ್ಟೂ ಆಟಗಳಲ್ಲಿ ನಿಜಕ್ಕೂ ಯಾರು ಗೆದ್ದರೆಂದು ನನಗೆ ಖಂಡಿತವಾಗಿ ಗೊತ್ತಿರುವುದು ಅದೊಂದರಲ್ಲಿ ಮಾತ್ರ. ಗೆದ್ದವರು ಭಾವ.